ಹಲಗೆಯ ಮೇಲಿನ ದೊಡ್ಡವರು

ಮೊನ್ನೆ ಇಂದಿರಾನಗರದ ನಮ್ಮ ಮನೆಯ ಗೇಟಿಗೆ ಬಣ್ಣ ಹೊಡೆಸುತ್ತಿದ್ದೆ. ಟರ್ಪೆಂಟೈನ್ ವಾಸನೆ ಕಿಟಕಿಯಿಂದ ಒಳಗೆ ಬಂದದ್ದೇ ತಡ, ಪತ್ರಿಕೆ ಮಡಿಚಿಟ್ಟೆ. ಮಲ್ಲಿಗೆಯ ವಾಸನೆಗೆ ಕೆಲವರಿಗೆ ಯಾರೋ ನೆನಪಾಗುತ್ತಾರಂತೆ. ನನಗೆ ಟರ್ಪೆಂಟೈನಿಗೆ ಸತ್ತ ಗಣ್ಯರು ನೆನಪಾಗುತ್ತಾರೆ: ಒಬ್ಬ ಗಾಯಕಿ, ಒಬ್ಬ ಫುಟ್‌ಬಾಲ್ ಆಟಗಾರ, ಒಬ್ಬರು ನ್ಯಾಯಾಧೀಶರು, ಒಬ್ಬ ವಿಜ್ಞಾನಿ. ಎಲ್ಲರೂ ಒಂದೇ ವರ್ಷ ಹೋದವರು. ಹಾಗೆಂದು ನಂಬಿಕೊಂಡಿದ್ದೆ.

ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ಲಿಂಗರಾಜಪುರದ ಒಂದು ವಠಾರದಲ್ಲಿ ಬಾಡಿಗೆ ಕೋಣೆ ಹಿಡಿದು, ಸಂಶೋಧನೆಯ ಹೆಸರಿನಲ್ಲಿ ವಿಶ್ವವಿದ್ಯಾಲಯಕ್ಕೆ ಹೋಗಿಬರುತ್ತಿದ್ದೆ. ದೇವರನ್ನೂ ಇತಿಹಾಸವನ್ನೂ ಹೋಟೆಲಿನ ಸಾಂಬಾರನ್ನೂ ಒಂದೇ ಸಮನೆ ಅನುಮಾನಿಸುವುದನ್ನು ಅಲ್ಲಿ ಕಲಿತೆ. ನನ್ನ ನೆನಪನ್ನು ಅನುಮಾನಿಸುವುದನ್ನು ಮಾತ್ರ ಯಾರೂ ಕಲಿಸಲಿಲ್ಲ.

ನಮ್ಮ ಬೀದಿಯ ತಿರುವಿನಲ್ಲಿ ಆಳೆತ್ತರದ ಒಂದು ಪ್ಲೈವುಡ್ ಹಲಗೆ ಇತ್ತು. ನಾಡಿನ ದೊಡ್ಡವರು ಯಾರಾದರೂ ತೀರಿಕೊಂಡರೆ ಗೆಳೆಯರ ಸಂಘದವರು ಅದರ ಮೇಲೆ ಅವರ ಚಿತ್ರ ಬರೆಸಿ, ಹಾರ ಹಾಕಿ, ಊದುಬತ್ತಿ ಹಚ್ಚುತ್ತಿದ್ದರು. ಮುಂದಿನವರು ಹೋಗುವವರೆಗೆ ಅವರು ಅಲ್ಲಿರುತ್ತಿದ್ದರು. ಆಮೇಲೆ ಅವರ ಮೇಲೆ ಬಿಳಿ ಬಣ್ಣ, ಬಿಳಿಯ ಮೇಲೆ ಹೊಸ ಮುಖ.

ಚಿತ್ರ ಬರೆಯುತ್ತಿದ್ದವನು ನಮ್ಮ ವಠಾರದ ಹಣಮಂತಪ್ಪ, ರಾಯಚೂರು ಕಡೆಯವನು. ಬಣ್ಣ ಕಲಸುತ್ತಿದ್ದವಳು ಅವನ ಹೆಂಡತಿ. ಕೆಳಗಿನ ಎರಡು ಸಾಲು ನನ್ನವು. ಎಂ.ಎ. ಓದಿದವನೆಂದು ಸಂಘದ ಕಾರ್ಯದರ್ಶಿ, ಸೈಕಲ್ ಶಾಪಿನ ಸೆಲ್ವಂ, ಆ ಕೆಲಸವನ್ನು ನನ್ನ ಕೊರಳಿಗೆ ಕಟ್ಟಿದ್ದ. "ಸಾರ್, ಓದಿದ್ರೆ ಅಳು ಬರ್ಬೇಕು. ಆದ್ರೆ ಉದ್ದ ಬೇಡಪ್ಪಾ, ಜಾಗ ಇಲ್ಲ." ನಾನು ಪ್ರತಿ ಸಲವೂ 'ತುಂಬಲಾರದ ನಷ್ಟ' ಎಂದೇ ಬರೆಯುತ್ತಿದ್ದೆ. ತುಂಬಲಾರದ ಆ ಜಾಗಕ್ಕೆ ತಿಂಗಳೊಪ್ಪತ್ತಿನಲ್ಲಿ ಇನ್ನೊಬ್ಬರು ಬಂದು ನಿಲ್ಲುತ್ತಿದ್ದರು.

ಹಣಮಂತಪ್ಪನ ಹೆಂಡತಿ ಪತ್ರಿಕೆಯ ಕಪ್ಪುಬಿಳುಪು ಫೋಟೋವನ್ನು ದೂರ ಹಿಡಿದು ನೋಡಿ ಮೈಬಣ್ಣ ತೀರ್ಮಾನಿಸುತ್ತಿದ್ದಳು. "ಇಂವ ಚೆಂಡಾಟದಾಂವ. ಬಿಸಲಾಗ ಸುಟ್ಟಾನ, ಕಂದು ಇರ್ಲಿ," ಎನ್ನುವಳು. ನ್ಯಾಯಾಧೀಶರ ಸರದಿ ಬಂದಾಗ, "ಜಡ್ಜ್ ಅಂದ್ರ ನೆಳ್ಳಾಗ ಕುಂತಾಂವ. ಇನ್ನೊಂದೀಟು ಬಿಳೀ ಹಾಕೂನು," ಎಂದು ನಕ್ಕದ್ದು ನೆನಪಿದೆ. ನಕ್ಕದ್ದು ನಿಜವೇ ಎಂದು ಈಗ ಕೇಳಿಕೊಳ್ಳುತ್ತೇನೆ. ಯಾರು ಸಾಕ್ಷಿ ಹೇಳಬೇಕು?

ನ್ಯಾಯಾಧೀಶರು ಇನ್ನೂ ಹಲಗೆಯ ಮೇಲಿದ್ದಾಗಲೇ, ಜ್ವರವೆಂದು ಮಲಗಿದವಳು ಏಳಲಿಲ್ಲ. ಮಣ್ಣು ಮಾಡಿ ಬಂದ ಮರುದಿನ ಹಣಮಂತಪ್ಪ ಸೈಕಲ್ ಶಾಪಿನ ಮುಂದೆ ನಿಂತಿದ್ದ. ಹಲಗೆಯ ಮೇಲೆ ಅವಳನ್ನು ಬರೆಯಬೇಕು, ಅಷ್ಟೇ.

"ತಪ್ಪು ತಿಳ್ಕೋಬೇಡ ಹಣಮಂತು," ಎಂದ ಸೆಲ್ವಂ. "ಬೋರ್ಡು ದೊಡ್ಡೋರಿಗಪ್ಪಾ."

"ದೊಡ್ಡೋರ ಮಾರಿಗೆ ಬಣ್ಣಾ ಕಲಸಿದಾಕಿ ಯಾರ್ರೀ?"

ಸೆಲ್ವಂ ಬಹಳ ಹೊತ್ತು ಒಂದು ಟ್ಯೂಬಿಗೆ ಗಾಳಿ ತುಂಬಿದ. ಕೊನೆಗೆ, "ಸರಿ, ಬರಿ. ಇನ್ನೊಬ್ರು ದೊಡ್ಡೋರು ಹೋಗೋ ತನಕ ಇರ್ಲಿ," ಎಂದ.

ಹಣಮಂತಪ್ಪ ತಾನೇ ಬಣ್ಣ ಕಲಸಿ ಬರೆದ. ಮುಖ ಸ್ವಲ್ಪ ಬೂದಿಯಾಯಿತು, ಹಣೆಯ ಕುಂಕುಮ ಮಾತ್ರ ಹೊಳೆಯುತ್ತಿತ್ತು. ಕೆಳಗೆ ಹೆಸರಷ್ಟೇ ಸಾಕೆಂದ. ಅಂದಿನಿಂದ ದಿನಾ ಬೆಳಿಗ್ಗೆ ನನ್ನ ಬಾಗಿಲಿಗೆ ಬರತೊಡಗಿದ. ಅಕ್ಷರಗಳನ್ನು ನೋಡಿ ಚಿತ್ರದಂತೆ ಬರೆಯುತ್ತಿದ್ದನೇ ಹೊರತು ಅವನಿಗೆ ಓದಲು ಅಷ್ಟಾಗಿ ಬಾರದು.

"ಸರ, ಪೇಪರಿನಾಗ ಯಾರರ ಹೋಗ್ಯಾರೇನ್ರಿ?"

"ಇಲ್ಲ."

"ಪೂರಾ ನೋಡ್ರಿ. ಹಿಂದಿನ ಹಾಳೀನೂ ನೋಡ್ರಿ."

ಯಾರೂ ಇಲ್ಲವೆಂದು ಖಾತ್ರಿಯಾದ ಮೇಲೆ ಹೋಗಿ, ಆ ಕುಂಕುಮಕ್ಕೆ ಇನ್ನೊಂದು ಸಲ ಕೆಂಪು ತೀಡುತ್ತಿದ್ದ. ನೋಡಿ, ಗಣ್ಯರು ಸತ್ತರೆ ಕೆಲಸ ಸಿಗುತ್ತಿದ್ದ ಮನುಷ್ಯ ನಾಡಿನ ಗಣ್ಯರೆಲ್ಲ ಬದುಕಲಿ ಎಂದು ಬೇಡಿಕೊಳ್ಳುತ್ತಿದ್ದ. ಒಂದು ದಿನ ಹಿರಿಯ ವಿಜ್ಞಾನಿಯೊಬ್ಬರು ಆಸ್ಪತ್ರೆಯಲ್ಲಿದ್ದಾರೆಂಬ ಸುದ್ದಿ ಓದಿ ಹೇಳಿದೆ. ಅವರು ಏನು ಕಂಡುಹಿಡಿದರೆಂದು ಅವನು ಕೇಳಲಿಲ್ಲ, ನನಗೂ ಗೊತ್ತಿರಲಿಲ್ಲ. ಶನಿವಾರ ಒಪ್ಪತ್ತು ಮಾಡಿ ಹಲಸೂರಿನ ಹನುಮಂತನ ಗುಡಿಗೆ ನಡೆದುಕೊಂಡು ಹೋದ. ಆ ವಿಜ್ಞಾನಿಯೋ, ದೇವರಿಲ್ಲವೆಂದು ಜೀವಮಾನವಿಡೀ ವಾದಿಸಿದವರು. ನನಗೆ ಒಳಗೊಳಗೇ ನಗು ಬಂದಿತ್ತು. ಆದರೂ ಬೆಳಿಗ್ಗೆ ಪತ್ರಿಕೆ ಬಿಡಿಸುವಾಗ ಅವರು ಬದುಕಿರಲಿ ಎಂದು ನಾನೂ ಬಯಸುತ್ತಿದ್ದೆ. ಯಾರಿಗಾಗಿ ಬಯಸಿದೆನೋ ತಿಳಿಯದು.

ಅವರು ಉಳಿಯಲಿಲ್ಲ. ಆ ಬೆಳಿಗ್ಗೆ ಹಣಮಂತಪ್ಪನಿಗೆ ಏನೂ ಹೇಳಬೇಕಾಗಲಿಲ್ಲ. ನನ್ನ ಮುಖ ನೋಡಿ ಬಿಳಿ ಡಬ್ಬಿ ತರಲು ಹೋದ.

ದಿನಾ ತೀಡಿದ ಕುಂಕುಮ ದಪ್ಪವಾಗಿ, ಒಳಗೆ ಹಸಿಯಾಗೇ ಇತ್ತು. ವಿಜ್ಞಾನಿಯ ಚಿತ್ರ ಮುಗಿದ ಮರುದಿನ ಅವರ ಹಣೆಯ ಮೇಲೆ ಗುಲಾಬಿ ಚುಕ್ಕೆ ಮೂಡಿತು. ಬೀದಿ ನಕ್ಕಿತು. "ಏನ್ ಗುರು, ಸತ್ಮೇಲೆ ಭಕ್ತರಾಗ್ಬಿಟ್ರಾ?" ಹಣಮಂತಪ್ಪ ಅದರ ಮೇಲೆ ಮೈಬಣ್ಣ ತೀಡಿದ. ಮತ್ತೆ ಮೂಡಿತು. ಮತ್ತೆ ತೀಡಿದ.

"ಅಕಿ ಹೋಗವಲ್ಲಳ್ರೀ ಸರ," ಎಂದ. ದನಿಯಲ್ಲಿ ಖುಷಿ ಇದ್ದಂತಿತ್ತು.

ಸೆಲ್ವಂ ಬಂದು ನಿಂತ. ಬೈಯಲಿಲ್ಲ. "ಸಿಲ್ವರ್ ಪೇಂಟ್ ಹೊಡೆದ್ರೆ ಏನೂ ಮೇಲೆ ಬರಲ್ಲ. ನಿಂಗೆ ಗೊತ್ತಿಲ್ವಾ?"

"ಗೊತ್ತೈತ್ರಿ," ಎಂದ ಹಣಮಂತಪ್ಪ. "ಅಕೀನ ಹೇಳಿಕೊಟ್ಟಿದ್ಳು."

ಅವನೇ ಹೊಡೆದು, ಮೇಲೆ ಮೈಬಣ್ಣ ತೀಡಿದ. ಚುಕ್ಕೆ ಮತ್ತೆ ಬರಲಿಲ್ಲ. ಆಮೇಲೆ ಅವನು ಮುಖ ಬರೆಯುವುದನ್ನೇ ಬಿಟ್ಟು, ಟಿನ್ ಫ್ಯಾಕ್ಟರಿಯ ಹತ್ತಿರ ಲಾರಿಗಳಿಗೆ ನಂಬರು ಬರೆಯಲು ಹೋದ. ಕೆಲವೇ ವರ್ಷಗಳಲ್ಲಿ ಫ್ಲೆಕ್ಸ್ ಬಂತು. ಹಲಗೆ ಏನಾಯಿತೋ ಗೊತ್ತಿಲ್ಲ.

ಮೊನ್ನೆ ಟರ್ಪೆಂಟೈನ್ ವಾಸನೆಯ ನಡುವೆ ಕುಳಿತು ಆ ವರ್ಷವನ್ನು ಕಂಪ್ಯೂಟರಿನಲ್ಲಿ ಹುಡುಕಿದೆ. ಗಾಯಕಿ ಹೋದದ್ದು ಬೇರೆ ವರ್ಷ. ಆಟಗಾರ ಅದಕ್ಕೂ ಹಿಂದೆ. ಹಾಗಾದರೆ ನನ್ನ 'ಆ ವರ್ಷ' ಎಂಬುದು ಇರಲೇ ಇಲ್ಲ. ಅವಳ ಸಾವಿನ ಸುತ್ತ ಇವರನ್ನೆಲ್ಲ ನಾನೇ ಕರೆದು ಕೂರಿಸಿದ್ದೆ. ಅವರ ಹುಟ್ಟು, ಸಾವು, ಪದಕ ಎಲ್ಲವೂ ಅಲ್ಲಿವೆ. ಅವಳ ಹೆಸರು ಎಲ್ಲಿಯೂ ಇಲ್ಲ, ನನ್ನ ತಲೆಯಲ್ಲೂ ಇಲ್ಲ. ಹಲಗೆಯ ಮೇಲೆ ಹಳದಿ ಅಕ್ಷರಗಳಲ್ಲಿತ್ತು. ಹಳದಿ ಕಾಣುತ್ತದೆ, ಅಕ್ಷರ ಕಾಣುವುದಿಲ್ಲ.

ಎದ್ದು ಗೇಟಿನ ಹತ್ತಿರ ಹೋದೆ. ತುಕ್ಕು ಹಿಡಿಯದಿರಲೆಂದು ಮೊದಲು ಬಳಿದಿದ್ದ ಕೆಂಪಿನ ಮೇಲೆ ಪೇಂಟರು ಕಪ್ಪು ಹೊಡೆಯುತ್ತಿದ್ದ.

"ಕೆಳಗಿಂದು ಒಣಗಿದ್ಯಾ?"

"ಒಣಗ್ದಿದ್ರೂ ಏನಾಗಲ್ಲ ಸಾರ್. ಕಪ್ಪು ಹೊಡೆದ್ರೆ ಕಾಣಲ್ಲ."

ಮುಟ್ಟಿ ನೋಡಿದೆ. ಬೆರಳು ಕೆಂಪಾಯಿತು. ಹೊಡೆಯಬೇಡ ಎನ್ನಲಿಲ್ಲ.

ಮರುದಿನ ಬೆಳಿಗ್ಗೆ ಪತ್ರಿಕೆ ಬಿಡಿಸುವ ಮೊದಲೇ ಗೇಟಿನ ಹತ್ತಿರ ಹೋಗಿ ಬಗ್ಗಿ, ಒಂದೊಂದು ಸರಳನ್ನೂ ನೋಡಿದೆ. ಕಪ್ಪು ಚೆನ್ನಾಗಿ ಕೂತಿತ್ತು. ಎಲ್ಲಿಯೂ ಏನೂ ಮೇಲೆ ಬಂದಿರಲಿಲ್ಲ.