ಭಾಲ್ಕಿ ಸ್ಟೇಷನ್ನಿನಲ್ಲಿ ಮುಗಿದ ಕೌದಿ

ಬೀದರಿಗೆ ಹೋಗುವ ರೈಲು ತಡವಾಗಿತ್ತು. ಭಾಲ್ಕಿ ಸ್ಟೇಷನ್ನಿನ ಬೆಂಚಿನ ಮೇಲೆ ಕೂತು, ಗೆಳತಿಯ ಮೊಮ್ಮಗುವಿಗೆಂದು ಹಳೆ ಸೀರೆಗಳಿಂದ ಮಾಡಿದ ಕೌದಿಯ ಅಂಚು ಹೊಲಿಯುತ್ತಿದ್ದೆ. ನೆಂಟರನ್ನು ಕರೆದೊಯ್ಯಲು ಔರಾದಿನಿಂದ ಬಂದಿದ್ದ ಶಾಂತಾಬಾಯಿ, ರಜಿಯಾಬೀ ಎಂಬ ಗೆಳತಿಯರು ಪಕ್ಕದಲ್ಲೇ ಕೂತು ಮಾತಿಗಿಳಿದರು. ಶಾಂತಾಬಾಯಿ ಕೌದಿಯನ್ನು ಮಗುಚಿ ಮೊದಲು ಹಿಂಬದಿಯ ಹೊಲಿಗೆಯನ್ನೇ ನೋಡಿದರು.

"ಗೋದಡಿ ಛಲೋ ಅದರಿ. ಯಾರ್ಯಾರು ಹೊಲ್ದೀರಿ?"

"ಎಲ್ಲ ನಾನೊಬ್ಬಳೇ," ಎಂದೆ ಬೀಗುತ್ತ.

ಇಬ್ಬರ ಮುಖವೂ ಸಣ್ಣದಾಯಿತು. "ಅಯ್ಯ, ನಿಮ್ಮ ಓಣ್ಯಾಗ ಯಾರೂ ಇಲ್ಲೇನ್ರಿ?" ಎಂದರು ಶಾಂತಾಬಾಯಿ.

ಹೊಗಳುತ್ತಾರೆಂದು ಕಾದವಳಿಗೆ ಮರುಕ ಸಿಕ್ಕಿತ್ತು. ರಜಿಯಾಬೀ ಚೀಲದಿಂದ ಸೂಜಿ ತೆಗೆದರು. "ಜರಾ ಸರೀರಿ ಅಕ್ಕಾ. ಗೋದಡಿ ಒಬ್ಬರ ಕೈಲೇ ಮುಗೀಬಾರದು." ಶಾಂತಾಬಾಯಿ ಎದುರಿನ ಅಂಚು ಹಿಡಿದರು. ನನ್ನ ಬಣ್ಣದ ಆಯ್ಕೆಗೆ ನಕ್ಕರು, ನನ್ನ ಹೊಲಿಗೆಗೆ ತಲೆದೂಗಿದರು. ರೈಲು ಬರುವ ಹೊತ್ತಿಗೆ ಕೌದಿ ಮುಗಿದಿತ್ತು.

ಈಗ ರೈಲಿನಲ್ಲಿ ಎದುರು ಕೂತ ಹೆಂಗಸು ಕೌದಿ ಮುಟ್ಟಿ ನೋಡಿ, "ಭಾಳ ಚಂದ ಅದರಿ, ಯಾರು ಹೊಲ್ದಾರ?" ಎಂದು ಕೇಳಿದರು.

"ನಾವು," ಎಂದೆ.

ನಾವು ಅಂದರೆ ಯಾರ್ಯಾರು ಎಂದು ಕೇಳಲಿ ಅಂತ ಕಾಯುತ್ತಿದ್ದೇನೆ.