ಗೇಟಿನಲ್ಲಿ ಎರಡು ರಿಂಗು

“ಇಂಟರ್‌ಕಾಮ್, ಇಮೇಲ್, ಮೆಸೇಜು, ಮೂರೂ ಒಂದ ಜಾಗಾದಾಗ? ನಮ್ಮ ಫ್ಯಾಕ್ಟರಿಯೊಳಗ ಆಗೂದಲ್ಲ ಬಿಡ್ರಿ,” ಎಂದು ಮೊದಲ ದಿನವೇ ಹೇಳಿದವರು ಆಡಳಿತ ವಿಭಾಗದ ಮುಖ್ಯಸ್ಥ ದೇಸಾಯಿಯವರು. ಕೊರೊನಾ ಮುಗಿದ ಮರುವರ್ಷ ಅದು. ಹುಬ್ಬಳ್ಳಿಯ ಒಂದು ಸಣ್ಣ ಕಂಪನಿಯಲ್ಲಿ ನಾನು ಕಮ್ಯುನಿಕೇಷನ್ ಎಂಜಿನಿಯರ್. ಬೇಲೂರು ಕೈಗಾರಿಕಾ ಪ್ರದೇಶದಲ್ಲಿ ಪಂಪಿನ ಬಿಡಿಭಾಗ ಮಾಡುವ ಆ ಫ್ಯಾಕ್ಟರಿ, ನಾನೊಬ್ಬಳೇ ಹೊಣೆ ಹೊತ್ತ ಮೊದಲ ಕೆಲಸ. ಅಮ್ಮಿನಬಾವಿಯ ನಮ್ಮ ಮನೆಯಲ್ಲಿ ನನಗಿಂತ ಮೊದಲು ಯಾರೂ ಎಸ್ಸೆಸ್ಸೆಲ್ಸಿ ದಾಟಿರಲಿಲ್ಲ. ದುಡಿಯುತ್ತಲೇ ಬಿ.ಇ. ಮುಗಿಸಿದವಳು ನಾನು. ಆಗೂದಲ್ಲ ಎಂಬ ಮಾತು ನನಗೇನೂ ಹೊಸದಾಗಿರಲಿಲ್ಲ.

ಯೂನಿಫೈಡ್ ಕಮ್ಯುನಿಕೇಷನ್ ಎಂದರೆ ಇಷ್ಟೇ: ಒಬ್ಬ ನೌಕರನಿಗೆ ಒಂದೇ ನಂಬರು. ಕರೆ, ಇಮೇಲ್, ಸಂದೇಶ ಎಲ್ಲವೂ ಅದರಡಿ ಬರುತ್ತವೆ. ಕರೆ ಬಂದರೆ ಮೇಜಿನ ಫೋನೂ ಜೇಬಿನ ಮೊಬೈಲೂ ಒಟ್ಟಿಗೆ ಬಡಿಯುತ್ತವೆ; ಯಾವುದನ್ನು ಎತ್ತಿದರೂ ಸರಿ. ನಲವತ್ತಾರು ನಂಬರುಗಳಿಗೂ ಹಾಗೆಯೇ ಅಳವಡಿಸಿ, ಎಲ್ಲರಿಗೂ ತರಬೇತಿ ಕೊಟ್ಟು ಬಂದೆ. ಒಂದು ತಿಂಗಳು ಸುಗಮವಾಗಿ ನಡೆದರೆ ಕೆಲಸ ಮುಗಿದ ಬಗ್ಗೆ ಫ್ಯಾಕ್ಟರಿಯವರು ಸರ್ಟಿಫಿಕೇಟ್ ಕೊಡಬೇಕಿತ್ತು.

ಎರಡನೇ ವಾರ ದೇಸಾಯಿಯವರು ಕರೆಸಿಕೊಂಡರು. ಮಾಲು ತುಂಬಿದ ಗಾಡಿಗಳು ಗೇಟಿನಲ್ಲಿ ತಾಸುಗಟ್ಟಲೆ ನಿಲ್ಲುತ್ತಿದ್ದವು, ಅದೂ ಕೆಲವು ಮಾತ್ರ. ನಿಂತ ಐದರಲ್ಲಿ ಮೂರು ಒಂದೇ ಟ್ರಾನ್ಸ್‌ಪೋರ್ಟಿನವು. ಹತ್ತೊಂಬತ್ತು ವರ್ಷದಿಂದ ಗೇಟು ಕಾಯುತ್ತಿದ್ದ ಇಮಾಮಸಾಬ್ ಕಾಕಾ ಅದರ ಪೈಪೋಟಿಯ ಟ್ರಾನ್ಸ್‌ಪೋರ್ಟಿನವರ ಜೊತೆ ಸೇರಿ ಬೇಕೆಂದೇ ನಿಲ್ಲಿಸುತ್ತಿದ್ದಾರೆ ಎಂಬುದು ದೇಸಾಯಿಯವರ ಗುಮಾನಿ.

ಕಾಕಾ ಕೊಟ್ಟ ಉತ್ತರದಿಂದಲೇ ಅಲ್ಲಿನ ಒಂದು ರೂಢಿ ನನಗೆ ಗೊತ್ತಾಯಿತು. ಮಾಲು ರವಾನೆ ನೋಡಿಕೊಳ್ಳುವ ಗುಮಾಸ್ತ ಬಸವರಾಜ ಗೇಟಿನ ಫೋನಿಗೆ ಮಿಸ್ಡ್ ಕಾಲ್ ಕೊಡುತ್ತಿದ್ದ. ಒಂದೇ ಸಲ ಕರೆ ಮಾಡಿ ಒಂದು ರಿಂಗಾದರೆ ಕಾಗದಪತ್ರ ಸರಿ ಇವೆ, ಗಾಡಿ ಬಿಡು. ಬೆನ್ನುಬೆನ್ನಿಗೆ ಎರಡು ಸಲ ಮಾಡಿ ಎರಡು ರಿಂಗಾದರೆ ನಿಲ್ಲಿಸು. ಫೋನನ್ನು ಯಾರೂ ಎತ್ತುತ್ತಿರಲಿಲ್ಲ. ಫೋನ್ ಹೇಗೆ ಬಳಸುತ್ತೀರಿ ಎಂದು ನಾನು ಮೊದಲೇ ಎಲ್ಲರನ್ನೂ ಕೇಳಿದ್ದೆ. ಮಾತೇ ಆಡದ ಈ ಬಳಕೆಯನ್ನು ಹೇಳಬೇಕೆಂದು ಯಾರಿಗೂ ಹೊಳೆದಿರಲಿಲ್ಲ.

ಎರಡು ಸಲ ಬಡಿದದ್ದಕ್ಕೇ ನಿಲ್ಲಿಸಿದೆ ಎಂದರು ಕಾಕಾ. ಒಮ್ಮೆ ಮಾತ್ರ ಮಾಡಿದ್ದೆ ಎಂದು ಬಸವರಾಜ ಆಣೆ ಮಾಡಿದ. ನಾನು ಕಾಲ್ ಲಾಗ್, ಅಂದರೆ ಕರೆಗಳ ಪಟ್ಟಿ ತೆಗೆದೆ. ಐದೂ ಸಲ ಒಂದೊಂದೇ ಕರೆ. ಅದನ್ನೇ ವರದಿಯಾಗಿ ಬರೆದು ಸಹಿ ಹಾಕಿದೆ. ಬರುವ ಶನಿವಾರ ಕಾಕಾನನ್ನು ಕೆಲಸದಿಂದ ತೆಗೆಯುವುದೆಂದು ತೀರ್ಮಾನವಾಯಿತು. ಗೇಟಿನವ ಗಾಡಿಯವರ ಜೊತೆ ಕೈಜೋಡಿಸಿದ್ದಾನೆಂಬ ಸುದ್ದಿ ಅವರ ಓಣಿಗೂ ಮುಟ್ಟಿತು.

ಗುರುವಾರ ಗೇಟಿಗೆ ಹೋದೆ. ಸತ್ಯ ಹುಡುಕಲು ಹೋದೆ ಎಂದರೆ ಸುಳ್ಳಾಗುತ್ತದೆ. ಅವರನ್ನು ಹಿಡಿಯಲು ಹೋಗಿದ್ದೆ. ನನ್ನನ್ನು ಕಂಡು ಕಾಕಾ ಮುಖ ತಿರುಗಿಸಿದ್ದೂ ನನಗೆ ಸಾಕ್ಷಿಯಂತೆಯೇ ಕಂಡಿತು. ಒಂದು ಗಾಡಿ ಬಂದು ನಿಂತಿತು. ಕ್ಯಾಬಿನ್ನಿನ ಫೋನು ಒಮ್ಮೆ ಬಡಿದು ಸುಮ್ಮನಾಯಿತು. ಅದರ ಬೆನ್ನಿಗೇ ಕಾಕಾನ ಅಂಗಿಯ ಜೇಬಿನಲ್ಲಿ ಮೊಬೈಲು ಒಮ್ಮೆ ಬಡಿಯಿತು. ಅವರು ಡ್ರೈವರನಿಗೆ ಎರಡು ಬೆರಳು ತೋರಿಸಿ ಗಾಡಿ ಬದಿಗೆ ಹಾಕಿಸಿದರು.

ಆಗ ನನಗೆ ಹೊಳೆಯಿತು. ಒಟ್ಟಿಗೆ ಬಡಿಯಬೇಕಾದ ಮೊಬೈಲು, ಕರೆಯೂ ಅದು ನಿಂತ ಸೂಚನೆಯೂ ನೆಟ್‌ವರ್ಕ್ ಸುತ್ತಿ ಬರುವುದರಿಂದ, ಎರಡು ಸೆಕೆಂಡು ಹಿಂದೆ ಬೀಳುತ್ತಿತ್ತು. ನೆಟ್‌ವರ್ಕ್ ತೀರ ಮಂದವಿದ್ದಾಗ, ಕರೆ ಮೊಬೈಲಿಗೆ ತಲುಪುವ ಮೊದಲೇ ರದ್ದಾಗಿ ಅದು ಬಡಿಯುತ್ತಲೇ ಇರಲಿಲ್ಲ. ಆ ಗಾಡಿಗಳು ತಡೆಯಿಲ್ಲದೆ ಹೋಗಿದ್ದವು. ನಿಂತವುಗಳಲ್ಲಿ ಮೂರು ಒಂದೇ ಟ್ರಾನ್ಸ್‌ಪೋರ್ಟಿನವಾದದ್ದು ಬರೀ ಆಕಸ್ಮಿಕ. ಲಾಗಿಗೆ ಮಾತ್ರ ಎಲ್ಲವೂ ಒಂದೇ ಕರೆ.

ಜೇಬಿನ ರಿಂಗನ್ನು ಯಾಕೆ ಎಣಿಸಿದಿರಿ ಎಂದು ಕೇಳಿದೆ.

“ಇನ್ನ ಮ್ಯಾಲೆ ಮೊಬೈಲೂ ಗೇಟಿನ ಫೋನ ಅಂತ ಕಲಿಸಿದವರು ನೀವ ಅಲ್ರೀ ಮೇಡಂ? ನಾ ಎರಡು ಅಂದೆ, ನಿಮ್ಮ ಮಷೀನ್ ಒಂದು ಅಂತು. ನಮಗಿಂತ ಅದಕ್ಕ ಮರ್ಯಾದಿ ಭಾಳ ಐತಿ,” ಎಂದರು ಕಾಕಾ.

ಅಂದೇ ದೇಸಾಯಿಯವರ ಮುಂದೆ ಎರಡನೇ ವರದಿ ಇಟ್ಟೆ. ಅವರು ಎರಡನ್ನೂ ಅಕ್ಕಪಕ್ಕ ಹಿಡಿದು ನೋಡಿದರು.

“ನೀವ ಸಹಿ ಮಾಡಿದ್ದನ್ನ ನೀವ ಸುಳ್ಳ ಅಂತೀರೇನು?”

“ಲಾಗ್ ಖರೇನ ಐತ್ರಿ ಸರ್. ಅದನ್ನ ನಾ ತಪ್ಪ ಓದಿದೆ.”

ಸರ್ಟಿಫಿಕೇಟ್ ಕೈತಪ್ಪುವುದು ಖಂಡಿತ ಎಂದುಕೊಂಡಿದ್ದೆ. ಗೇಟಿನ ನಂಬರಿನಿಂದ ಕಾಕಾನ ಮೊಬೈಲ್ ತೆಗೆದು, ‘ಬಿಡು’, ‘ನಿಲ್ಲಿಸು’ ಎಂಬ ಸಂದೇಶ ತೋರಿಸುವ ಪರದೆಯೊಂದನ್ನು ಕ್ಯಾಬಿನ್ನಿನಲ್ಲಿ ಹಾಕಿದೆ. ಶನಿವಾರ ಕಾಕಾ ಎಂದಿನಂತೆ ಗೇಟಿನಲ್ಲೇ ಇದ್ದರು.

ಯಂತ್ರ ತನಗೆ ಗೊತ್ತಿದ್ದಷ್ಟನ್ನೇ ಹೇಳುತ್ತದೆ. ಅಂದಿನಿಂದ ನಾನು ಯಾವ ಲಾಗನ್ನೂ ಆ ಜಾಗದಲ್ಲಿ ಒಂದು ದಿನ ನಿಲ್ಲದೆ ನಂಬುವುದಿಲ್ಲ.

ಹತ್ತು ದಿನ ತಡವಾಗಿ ದೇಸಾಯಿಯವರು ಸರ್ಟಿಫಿಕೇಟ್ ಕೈಗಿತ್ತರು. ‘ಗೇಟಿನಲ್ಲಾದ ತೊಂದರೆ ಅಳವಡಿಕೆಯ ದೋಷ, ಸಿಬ್ಬಂದಿಯದಲ್ಲ’ ಎಂದು ನಾನೇ ಕೇಳಿ ಹಾಕಿಸಿದ ಸಾಲು ಅದರಲ್ಲಿತ್ತು. ಮನೆಗೆ ಒಯ್ದು, ಓದು ಬಾರದ ಅವ್ವನಿಗೆ ಪೂರ್ತಿ ಓದಿ, ಕಾಕಾನ ಸುದ್ದಿ ಓಣಿಗೆ ಮುಟ್ಟಿದ್ದನ್ನೂ ಹೇಳಿದೆ. ಅವಳು ಕಾಗದವನ್ನು ಸೆರಗಿನಿಂದ ಒರೆಸಿ ನನ್ನ ಕೈಗೇ ವಾಪಸು ಕೊಟ್ಟಳು.

“ಆ ಕಾಕಾನ ಓಣ್ಯಾಗ ಓದಿದೇನು? ಮದಲ ಅಲ್ಲಿ ಹೋಗಿ ಓದಿ ಬಾ.”