ಮುನಿವೆಂಕಟಪ್ಪನವರ ಸಮುದ್ರ

ಥರ್ಮಾಮೀಟರು ನೋಡಿದ ಮೇಲೆ ಅದರ ತುದಿಯನ್ನು ನಾಲಿಗೆಗೆ ತಾಗಿಸುವುದು ಮುನಿವೆಂಕಟಪ್ಪನವರ ಅಭ್ಯಾಸ. ಮುಳಬಾಗಿಲಿನ ಐಸ್ ಫ್ಯಾಕ್ಟರಿಯಲ್ಲಿ ಅವರು ಮೆಕ್ಯಾನಿಕ್. ಐಸಿನ ಅಚ್ಚುಗಳನ್ನಿಳಿಸುವ ಉಪ್ಪುನೀರಿನ ತೊಟ್ಟಿಗೆ ಉಪ್ಪು ಸಾಕೋ ಇನ್ನೂ ಬೇಕೋ ಎಂದು ಹಾಗೆಯೇ ಹೇಳಿಬಿಡುತ್ತಿದ್ದರು. ನಮ್ಮ ಪಕ್ಕದ ಮನೆ. ಅವರು ಗೇಟು ತೆಗೆಯುವ ಮೊದಲೇ ಅಂಗಿಗೆ ಹತ್ತಿದ ಐಸ್ ಮಿಷಿನ್ನಿನ ಅಮೋನಿಯಾ ವಾಸನೆ ನಮ್ಮ ತುಳಸಿಕಟ್ಟೆಯವರೆಗೆ ಬರುತ್ತಿತ್ತು.

ಎಂಬತ್ತರ ದಶಕದ ಮೊದಲ ವರ್ಷಗಳು. ನಾನು ಕಾನ್ವೆಂಟಿನಲ್ಲಿ ಓದಿದವಳೆಂದು, ಭಾನುವಾರ ಕಾಂಪೌಂಡಿನ ಆಚೆ ನಿಂತು ಇಂಗ್ಲಿಷ್ ಪೇಪರ್ ಓದಿಸಿ ಅರ್ಥ ಕೇಳುತ್ತಿದ್ದರು. ಒಮ್ಮೆ ಸಮುದ್ರದಿಂದ ವಿದ್ಯುತ್ ತೆಗೆಯುವ ಲೇಖನ ಬಂತು. ಮೇಲಿನ ಬೆಚ್ಚನೆಯ ನೀರಿಗೆ ಅಮೋನಿಯಾ ಕುದಿಯುತ್ತದೆ, ಆ ಆವಿ ಚಕ್ರ ತಿರುಗಿಸುತ್ತದೆ, ಆಳದ ತಣ್ಣೀರು ಅದನ್ನು ಮತ್ತೆ ದ್ರವ ಮಾಡುತ್ತದೆ. ನಾನು ಗಿಳಿಪಾಠದಂತೆ ಒಪ್ಪಿಸಿದೆ. ಅವರ ಕಣ್ಣು ತುಂಬಿತ್ತು.

"ಅಮ್ಮಣ್ಣೀ, ನಮ್ ಮಿಷಿನ್ನು ಕರೆಂಟು ತಿಂದು ತಂಪು ಕೊಡ್ತೈತೆ. ಇದು ಅದನ್ನೇ ಉಲ್ಟಾ ಓಡ್ಸೋದು ಕಣಮ್ಮ!"

"ಸಮುದ್ರ ನೋಡ್ದೋರ್ ಥರಾ ಮಾತು," ಎಂದು ಅವರ ಹೆಂಡತಿ ರತ್ನಕ್ಕ ನಕ್ಕರು. "ಮದ್ರಾಸ್ ಬಸ್ಸು ನಮ್ಮೂರ್ ಮೇಲೇ ಹೋಗ್ತೈತೆ. ಒಂದಿನಾ ಹತ್ಲಿಲ್ಲ ಈವಯ್ಯ."

"ಹತ್ತಿದ್ರೆ ತೊಟ್ಟಿ ನೋಡ್ಕೊಳ್ಳೋರ್ ಯಾರೇ?"

ಅಂದಿನಿಂದ ದಿನಾ ಬೆಳಿಗ್ಗೆ ಬಾವಿಯ ಮೇಲಿನ ನೀರನ್ನೂ ತಳದ ನೀರನ್ನೂ ಅಳೆದು ನೋಟ್‌ಬುಕ್ಕಿನಲ್ಲಿ ಬರೆಯತೊಡಗಿದರು.

ನಾದಿನಿಯ ಮಗುವಿನ ನಾಮಕರಣಕ್ಕೆ ನಾವು ಮದ್ರಾಸಿಗೆ ಹೊರಟಾಗ, ಥರ್ಮಾಮೀಟರನ್ನು ಉಪ್ಪೆಲ್ಲ ಹೋಗುವಂತೆ ತೊಳೆದು, ಇಸ್ತ್ರಿ ಮಾಡಿದ ಕರ್ಚೀಫಿನಲ್ಲಿ ಸುತ್ತಿ ಕೊಟ್ಟರು. "ಮೊಣಕಾಲುದ್ದ ನೀರಿಗಿಳ್ದು ಎರಡು ನಿಮಿಷ ಹಿಡಿ, ಸಾಕು. ನಾನೇ ನೋಡ್ದಂಗೆ."

ಸಮುದ್ರದ ದಡದಲ್ಲಿ ನಾದಿನಿಯ ಅತ್ತೆಮನೆಯವರೆಲ್ಲ ಇದ್ದರು. ಅವರ ಮುಂದೆ ಸೀರೆ ಎತ್ತಿ, ಗಾಜಿನ ಕಡ್ಡಿ ಹಿಡಿದು ನೀರಲ್ಲಿ ನಿಲ್ಲಲು ನಾಚಿಕೆಯಾಯಿತು. ಕರ್ಚೀಫು ಬ್ಯಾಗಿನಲ್ಲೇ ಉಳಿಯಿತು.

ಬಂದ ದಿನ ಅವರು ಗೇಟಿನಲ್ಲೇ ಕಾದಿದ್ದರು. "ಎಷ್ಟಿತ್ತಮ್ಮಣ್ಣಿ?"

"ಇಪ್ಪತ್ತೆಂಟು," ಎಂದೆ. ಪೇಪರಿನಲ್ಲಿ ಓದಿದ್ದ ಅಂಕಿ.

ಕರ್ಚೀಫು ಬಿಚ್ಚಿ, ಅಭ್ಯಾಸದಂತೆ ತುದಿಯನ್ನು ನಾಲಿಗೆಗೆ ತಾಗಿಸಿದರು. ಇನ್ನೊಮ್ಮೆ ತಾಗಿಸಿ ನೋಡಿದರು. "ತೊಳ್ದು ತಂದಿದೀಯ. ಒಳ್ಳೇದಾಯ್ತು," ಎಂದು ಅದೇ ಮಡಿಕೆಗೆ ಮಡಿಚಿಕೊಂಡರು.

ಮುಂದಿನ ಭಾನುವಾರವೂ ಪೇಪರ್ ಓದಿಸಿದರು. ಹೇಳಿಬಿಡೋಣವೆಂದುಕೊಂಡೆ. ಪ್ರತಿ ಭಾನುವಾರವೂ ಅಂದುಕೊಂಡೆ. ಮಾವಿನಕಾಯಿ ಕಾಲದಲ್ಲಿ ಎದೆನೋವೆಂದು ಕೋಲಾರದ ಆಸ್ಪತ್ರೆಗೆ ಹೋದವರು ವಾಪಸು ಬರಲಿಲ್ಲ.

ತಿಥಿ ಮುಗಿದ ಮೇಲೆ ರತ್ನಕ್ಕ ನೋಟ್‌ಬುಕ್ ತಂದರು. "ಏನೇನೋ ಬರ್ದವ್ರೆ, ನಂಗೆ ಓದೋಕ್ ಬರಲ್ಲ. ನೀನೇ ಓದಮ್ಮ."

ಪುಟಪುಟಕ್ಕೂ ಬಾವಿಯ ಅಂಕಿಗಳು. ನಾನು ಮದ್ರಾಸಿನಿಂದ ಬಂದ ದಿನದ ಸಾಲಿನಲ್ಲಿ 'ಸಮುದ್ರ' ಎಂದು ಬರೆದು, ಅಂಕಿಗೆ ಜಾಗ ಬಿಟ್ಟಿದ್ದರು. ಪಕ್ಕದಲ್ಲಿ ಪೆನ್ಸಿಲಿನಲ್ಲಿ, 'ಅಮ್ಮಣ್ಣಿ ಇನ್ನೊಂದು ಸಲ ಹೋದಾಗ.'

ಆ ಸಾಲನ್ನು ಮಾತ್ರ ರತ್ನಕ್ಕನಿಗೆ ಓದಿ ಹೇಳಲು ನನ್ನಿಂದ ಆಗಲಿಲ್ಲ.